ಹೂಳಿನಡಿ ಹೂತುಹೋದ ಇಟಿಪಿ ತೊಟ್ಟಿಗಳು: ಕಳೆದುಹೋದ ಜಾಗ ಮರಳಿ ಪಡೆಯುವುದು ಹೇಗೆ?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಘಟಕದ ಹಿತ್ತಲಲ್ಲಿ ನಿಂತಿದ್ದೆ. ಎದುರಿಗೆ ಇಟಿಪಿಯ, ಅಂದರೆ ಕಾರ್ಖಾನೆಯ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟ್‌ನ, ತೊಟ್ಟಿ. ಡ್ರಾಯಿಂಗ್‌ನಲ್ಲಿ ಅದರ ಆಳ ಮೂರು ಮೀಟರ್. ಆಪರೇಟರ್ ಉದ್ದನೆಯ ಬಿದಿರು ಗಳ ತಂದು ನೀರಿಗೆ ಇಳಿಸಿದರು. ಎದೆಮಟ್ಟಕ್ಕೂ ಇಳಿದಿರಲಿಲ್ಲ, ಗಳ ಮೆತ್ತಗೆ ಎಲ್ಲೋ ತಗುಲಿ ನಿಂತಿತು. ಒತ್ತಿದರೆ ಇನ್ನೂ ಇಳಿಯುತ್ತಿತ್ತು. ಆದರೆ ಕೆಳಗಿದ್ದದ್ದು ನೀರಲ್ಲ. ಮೇಲೆ ಎಳೆದಾಗ ಗಳದ ಅರ್ಧಕ್ಕಿಂತ ಜಾಸ್ತಿ ಭಾಗಕ್ಕೆ ಕಪ್ಪು ಗಸಿ ಮೆತ್ತಿಕೊಂಡಿತ್ತು. ಕೊಳೆತ ಮೊಟ್ಟೆಯ ವಾಸನೆ ಹಿತ್ತಲೆಲ್ಲ ಹರಡಿತು.

ಅದೇ ವಾರ ಆ ಘಟಕದವರು ಹೊಸ ತೊಟ್ಟಿ ಕಟ್ಟಿಸಲು ಕೊಟೇಷನ್ ತರಿಸುತ್ತಿದ್ದರು. ‘ನೀರು ಜಾಸ್ತಿ ಬರ್ತಿದೆ, ಪ್ಲಾಂಟ್ ಸಾಲ್ತಿಲ್ಲ’ ಅನ್ನುವುದು ಅವರ ಲೆಕ್ಕ. ಮೀಟರ್ ನೋಡಿದರೆ ನೀರು ಹಿಂದಿನಷ್ಟೇ ಬರುತ್ತಿತ್ತು. ಕಮ್ಮಿಯಾಗಿದ್ದು ತೊಟ್ಟಿಯೊಳಗಿನ ಜಾಗ.

ಬೆಂಗಳೂರಿನ ಕೊಳಚೆ ಹೊತ್ತು ಹರಿಯುವ ವೃಷಭಾವತಿ ನದಿಯ ಬಗ್ಗೆ ಮಾತು ಬಂದಾಗಲೆಲ್ಲ ನಾವು ರಾತ್ರೋರಾತ್ರಿ ಮೋರಿಗೆ ಕೊಳಚೆ ಬಿಡುವವರ ಬಗ್ಗೆ ಮಾತಾಡುತ್ತೇವೆ. ಆಡಲೇಬೇಕು. ಆದರೆ ಇನ್ನೊಂದು ಕತೆ ಅಷ್ಟಾಗಿ ಹೊರಗೆ ಬರುವುದಿಲ್ಲ. ಇಟಿಪಿ ಇದೆ, ಪಂಪು ಓಡುತ್ತಿದೆ, ಕರೆಂಟ್ ಬಿಲ್ ಬರುತ್ತಿದೆ, ಕೆಮಿಕಲ್ ಖರೀದಿಯಾಗುತ್ತಿದೆ. ಆದರೂ ನೀರು ಸರಿಯಾಗಿ ಶುದ್ಧವಾಗುತ್ತಿಲ್ಲ. ಕಾರಣ, ವರ್ಷಗಳಿಂದ ತೊಟ್ಟಿಯ ತಳದಲ್ಲಿ ಸ್ಲಡ್ಜ್, ಅಂದರೆ ಕೊಳಚೆಯ ಗಸಿ, ಕೂತಿದೆ. ನೆಲದ ಬೆಲೆ ಇಷ್ಟು ಏರಿರುವ ಊರಿನಲ್ಲಿ ಎರಡನೇ ತೊಟ್ಟಿಗೆ ಜಾಗ ಎಲ್ಲಿದೆ? ಇರುವ ತೊಟ್ಟಿಯೊಳಗೇ ಜಾಗ ಹೂತುಹೋಗಿದೆ. ಅದನ್ನು ಮರಳಿ ಪಡೆಯಬಹುದು. ಹಾಗಾದರೆ ಯಾಕೆ ಪಡೆಯುತ್ತಿಲ್ಲ ಅನ್ನುವುದೇ ಈ ಲೇಖನದ ವಿಷಯ.

ಜಾಗ ಹೋದರೆ ಸಮಯವೂ ಹೋಗುತ್ತದೆ

ಒಂದು ಸಣ್ಣ ಲೆಕ್ಕ ಹಾಕೋಣ. 20 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ತೊಟ್ಟಿ ಅಂದುಕೊಳ್ಳಿ. ಅದರಲ್ಲಿ 6 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ದಿನಕ್ಕೆ 2 ಲಕ್ಷ ಲೀಟರ್ ಬರುತ್ತಿದ್ದರೆ, ಒಳಗೆ ಬಂದ ನೀರು ಮೂರು ದಿನ ಅಲ್ಲಿರುತ್ತದೆ. ಈ ಮೂರು ದಿನವೇ ತೊಟ್ಟಿಯ ನಿಜವಾದ ಸಾಮರ್ಥ್ಯ. ಕಣಗಳು ಕೆಳಗೆ ಕೂರಲು, ಬ್ಯಾಕ್ಟೀರಿಯಾ ಕೊಳೆ ತಿನ್ನಲು, ಹುಳಿ ನೀರೂ ಕ್ಷಾರದ ನೀರೂ ಬೆರೆತು ಒಂದು ಹದಕ್ಕೆ ಬರಲು ಸಮಯ ಬೇಕು. ತಳದಲ್ಲಿ ಒಂದೂವರೆ ಮೀಟರ್ ಸ್ಲಡ್ಜ್ ಕೂತರೆ ಮೂರು ದಿನ ಹೋಗಿ ಒಂದೂವರೆ ದಿನ ಆಯಿತು.

ಕಾಗದದ ಮೇಲೆ ಅಷ್ಟು. ನಿಜದಲ್ಲಿ ಇನ್ನೂ ಕಮ್ಮಿ. ಸ್ಲಡ್ಜ್ ಎಲ್ಲ ಕಡೆ ಸಮವಾಗಿ ಕೂರುವುದಿಲ್ಲ. ನೀರು ಒಳಗೆ ಬರುವ ಕಡೆ ದಿಬ್ಬ ಏಳುತ್ತದೆ, ಮೂಲೆಗಳು ತುಂಬಿಕೊಳ್ಳುತ್ತವೆ, ನಡುವೆ ಒಂದು ಕಾಲುವೆ ಉಳಿಯುತ್ತದೆ. ನೀರು ಆ ಕಾಲುವೆ ಹಿಡಿದು ಈ ತುದಿಯಿಂದ ಆ ತುದಿಗೆ ಓಡಿಬಿಡುತ್ತದೆ. ಇಂಜಿನಿಯರುಗಳು ಇದಕ್ಕೆ ಶಾರ್ಟ್ ಸರ್ಕ್ಯೂಟ್ ಅನ್ನುತ್ತಾರೆ. ಲೆಕ್ಕದಲ್ಲಿ ಒಂದೂವರೆ ದಿನ ಇರಬೇಕಾದ ನೀರು ಕೆಲವೇ ಗಂಟೆಗಳಲ್ಲಿ ಹೊರಗೆ ಬಂದಿರುತ್ತದೆ.

ಕೂತ ಸ್ಲಡ್ಜ್ ಸುಮ್ನೆ ಕೂತಿರುವುದೂ ಇಲ್ಲ. ಗಾಳಿ ಇಲ್ಲದೆ ಒಳಗೇ ಕೊಳೆಯುತ್ತದೆ. ಗುಳ್ಳೆಗಳು ಏಳುತ್ತವೆ. ಆ ಗುಳ್ಳೆಗಳ ಜೊತೆ ಕೂತ ಕಣಗಳೂ ಮೇಲೆ ಬರುತ್ತವೆ. ಸ್ಲಡ್ಜ್‌ನಿಂದ ಅಮೋನಿಯಾ, ರಂಜಕ ಮತ್ತೆ ನೀರಿಗೆ ಕರಗುತ್ತವೆ. ಒಂದು ಕೆಜಿ ಅಮೋನಿಯಾ ಸಾರಜನಕವನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಆಗಿ ಬದಲಿಸಲು ಸುಮಾರು 4.6 ಕೆಜಿ ಆಮ್ಲಜನಕ ಬೇಕು. ಅಂದರೆ ಬ್ಲೋಯರ್ ಹಾಕುತ್ತಿರುವ ಗಾಳಿಯಲ್ಲಿ ಒಂದು ಪಾಲು ಇವತ್ತಿನ ಕೊಳೆಗೆ, ಇನ್ನೊಂದು ಪಾಲು ಮೂರು ವರ್ಷದ ಹಿಂದಿನ ಕೊಳೆಗೆ ಹೋಗುತ್ತಿದೆ. ನೀರು ಕೆಟ್ಟಿತು ಅಂತ ಆಪರೇಟರ್ ಇನ್ನಷ್ಟು ಆಲಂ, ಇನ್ನಷ್ಟು ಸುಣ್ಣ ಸುರಿಯುತ್ತಾರೆ. ಅದೂ ಕೊನೆಗೆ ಸ್ಲಡ್ಜ್ ಆಗಿ ಅಲ್ಲೇ ಕೂರುತ್ತದೆ. ಜಾಗ ಇನ್ನೂ ಕಮ್ಮಿಯಾಗುತ್ತದೆ.

ಬ್ಯಾಕ್ಟೀರಿಯಾಗೆ ಗಾಳಿ ಊದುವ ಏರೇಷನ್ ತೊಟ್ಟಿಗಳಲ್ಲಿ ಇದೇ ತೊಂದರೆ ಬೇರೆ ಮುಖ ತೋರಿಸುತ್ತದೆ. ಅಲ್ಲಿ ಆಪರೇಟರುಗಳು ನೋಡುವ ಸಂಖ್ಯೆ ಎಂಎಲ್‌ಎಸ್‌ಎಸ್, ಅಂದರೆ ಒಂದು ಲೀಟರ್ ನೀರಿನಲ್ಲಿ ತೇಲುತ್ತಿರುವ ಘನ ವಸ್ತು. ಅದು 4000 ಮಿಲಿಗ್ರಾಂ ತೋರಿಸಿದರೆ ‘ಬ್ಯಾಕ್ಟೀರಿಯಾ ಚೆನ್ನಾಗಿದೆ’ ಅಂತ ಸಮಾಧಾನ. ಆದರೆ ಆ 4000ದಲ್ಲಿ ಜೀವ ಇರುವುದೆಷ್ಟು, ಸುಣ್ಣದ ಪುಡಿ ಎಷ್ಟು? ಅದನ್ನು ತಿಳಿಯಲು ಒಣಗಿಸಿದ ಮಾದರಿಯನ್ನು 550 ಡಿಗ್ರಿಯಲ್ಲಿ ಸುಡಬೇಕು. ಸುಟ್ಟು ಹೋದದ್ದು ಸಾವಯವ, ಬೂದಿಯಾಗಿ ಉಳಿದದ್ದು ಖನಿಜ. ಅರ್ಧಕ್ಕಿಂತ ಜಾಸ್ತಿ ಬೂದಿ ಉಳಿದರೆ, ಬ್ಲೋಯರ್ ಹಗಲೂ ರಾತ್ರಿ ಕಲಕುತ್ತಿರುವುದು ಬಹುಪಾಲು ಮಣ್ಣನ್ನೇ ಅಂತ ಅರ್ಥ. ಇಷ್ಟು ಸರಳ ಪರೀಕ್ಷೆಯನ್ನು ಎಷ್ಟೋ ಕಡೆ ಮಾಡುವುದೇ ಇಲ್ಲ. ನನಗೆ ಇದು ನಿಜಕ್ಕೂ ಬೇಸರ ತರುವ ವಿಷಯ.

ಇಷ್ಟು ಸ್ಲಡ್ಜ್ ಬರುವುದಾದರೂ ಎಲ್ಲಿಂದ?

1970ರ ದಶಕದಲ್ಲಿ ಶುರುವಾದ ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್, ಪೌಡರ್ ಕೋಟಿಂಗ್, ಬಣ್ಣ ಹಾಕುವುದು, ಗಾರ್ಮೆಂಟ್ ವಾಷಿಂಗ್ ಎಲ್ಲ ಅಕ್ಕಪಕ್ಕದಲ್ಲೇ ಇವೆ. ಒಂದೊಂದರ ಸ್ಲಡ್ಜ್ ಒಂದೊಂದು ಥರ. ಇಲ್ಲಿ ಕ್ರೋಮ್ ಪ್ಲೇಟಿಂಗ್ ಉದಾಹರಣೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಸ್ಲಡ್ಜ್ ಹೆಚ್ಚು ಕಮ್ಮಿ ಆಗುವುದರಲ್ಲಿ ನಮ್ಮ ಕೈವಾಡ ಎಷ್ಟು ಅನ್ನುವುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಪ್ಲೇಟಿಂಗ್ ನೀರಿನಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಕ್ಯಾನ್ಸರ್ ತರುವಂಥದ್ದು, ನೀರಿನಲ್ಲಿ ಸುಲಭವಾಗಿ ಕರಗುವಂಥದ್ದು. ಅದನ್ನು ಮೊದಲು ಮೂರು ವೇಲೆನ್ಸಿಗೆ ಇಳಿಸಬೇಕು. ಆಮೇಲೆ ಪಿಹೆಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) 8–9ರ ಮಟ್ಟಕ್ಕೆ ಏರಿಸಿದರೆ ಅದು ಕ್ರೋಮಿಯಂ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತದೆ. ಒಂದು ಕೆಜಿ ಕ್ರೋಮಿಯಂನಿಂದ ಸುಮಾರು 2 ಕೆಜಿ ಒಣ ಹೈಡ್ರಾಕ್ಸೈಡ್ ಬರುತ್ತದೆ. ಮೊದಲ ಹಂತಕ್ಕೆ ಸೋಡಿಯಂ ಮೆಟಾಬೈಸಲ್ಫೈಟ್ ಬಳಸಿದರೆ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಅಗ್ಗ ಅಂತ ಫೆರಸ್ ಸಲ್ಫೇಟ್ ಬಳಸಿದರೆ ಒಂದು ಕ್ರೋಮಿಯಂ ಪರಮಾಣುವಿಗೆ ಮೂರು ಕಬ್ಬಿಣದ ಪರಮಾಣು ಬೇಕು. ಆ ಕಬ್ಬಿಣವೂ ಹೈಡ್ರಾಕ್ಸೈಡ್ ಆಗಿ ಕೂರುತ್ತದೆ. ಒಂದು ಕೆಜಿ ಕ್ರೋಮಿಯಂಗೆ ಹೆಚ್ಚುವರಿ 6 ಕೆಜಿ. ಎರಡೂ ಸೇರಿ 8 ಕೆಜಿ, ಅಂದರೆ ನಾಲ್ಕು ಪಟ್ಟು. ಅದರ ಮೇಲೆ ಪಿಹೆಚ್ ಏರಿಸಲು ಕಾಸ್ಟಿಕ್ ಸೋಡಾ ಬದಲು ಸುಣ್ಣ ಹಾಕಿದರೆ ಕರಗದ ಸುಣ್ಣ, ಜಿಪ್ಸಮ್ ಎಲ್ಲ ಸೇರಿಕೊಳ್ಳುತ್ತವೆ.

ಇದು ಒಣ ತೂಕದ ಮಾತು. ತೊಟ್ಟಿಯ ತಳದಲ್ಲಿ ಸ್ಲಡ್ಜ್ ಒಣಗಿರುವುದಿಲ್ಲ. ನೂರು ಭಾಗದಲ್ಲಿ ಎರಡೋ ನಾಲ್ಕೋ ಭಾಗ ಘನ, ಉಳಿದದ್ದೆಲ್ಲ ನೀರು. 8 ಕೆಜಿ ಒಣ ವಸ್ತು ಶೇಕಡ 2ರ ಸ್ಲಡ್ಜ್ ರೂಪದಲ್ಲಿ 400 ಲೀಟರ್ ಜಾಗ ತಿನ್ನುತ್ತದೆ. ಖರೀದಿ ವಿಭಾಗದಲ್ಲಿ ಕೂತವರು ಕೆಜಿಗೆ ಕೆಲವು ರೂಪಾಯಿ ಉಳಿಸಿದರು. ಅದರ ಬೆಲೆಯನ್ನು ಹಿತ್ತಲಿನ ತೊಟ್ಟಿ ತೆತ್ತಿತು.

ಕೆರೆ ಗೋಡು ಬೇರೆ, ಇದು ಬೇರೆ

ಹೂಳೆತ್ತುವುದು ನಮಗೆ ಹೊಸ ಕೆಲಸ ಅಲ್ಲ. ಬಯಲುಸೀಮೆಯ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಗೋಡು ಮಣ್ಣು ಹೊಡೆಯುತ್ತಿದ್ದರು. ಕೆರೆಗೆ ಆಳ, ಹೊಲಕ್ಕೆ ಗೊಬ್ಬರ. ತೂಬು ಎತ್ತಿ ಇಳಿಸುವ ನೀರಗಂಟಿಗೆ ಕೆರೆಯಲ್ಲಿ ಎಷ್ಟು ನೀರಿದೆ, ಎಷ್ಟು ಹೂಳಿದೆ ಅನ್ನುವುದು ಅಂಗೈ ಗೆರೆಯಷ್ಟು ಪರಿಚಯ. ಆ ವ್ಯವಸ್ಥೆ ನಡೆದದ್ದಕ್ಕೆ ಮುಖ್ಯ ಕಾರಣ ಹೂಳಿಗೆ ಬೇಡಿಕೆ ಇದ್ದದ್ದು. ತೆಗೆದವನಿಗೆ ಲಾಭ ಇತ್ತು.

ಕಾರ್ಖಾನೆಯ ಸ್ಲಡ್ಜ್‌ನಲ್ಲಿ ಈ ಲೆಕ್ಕ ತಲೆಕೆಳಗು. ತೆಗೆದವನಿಗೆ ಖರ್ಚು, ಬಿಟ್ಟವನಿಗೆ ಉಳಿತಾಯ. ಅದನ್ನು ಹೊಲಕ್ಕೆ ಹಾಕುವಂತಿಲ್ಲ. ಕ್ರೋಮಿಯಂ, ನಿಕ್ಕಲ್, ಸತು ಮಣ್ಣಿಗೆ ಸೇರಿದರೆ ಅಲ್ಲೇ ಉಳಿಯುತ್ತವೆ, ಬೆಳೆಗೂ ಏರುತ್ತವೆ. ಇಟ್ಟಿಗೆಗೆ ಬೆರೆಸಿ, ತಗ್ಗು ತುಂಬಿಸಿ, ‘ಮಣ್ಣೇ ತಾನೆ’ ಅಂತ ಖಾಲಿ ಸೈಟಿಗೆ ಸುರಿಯುವವರಿದ್ದಾರೆ. ಇದು ಮಣ್ಣಲ್ಲ. ಹುಳಿ ನೀರು ತಗುಲಿದರೆ ಕೂತ ಲೋಹ ಮತ್ತೆ ಕರಗುತ್ತದೆ. ಕೆಳಗೆ ಬೋರ್‌ವೆಲ್ ನೀರಿದೆ.

ಒಳಗೆ ಕೂತ ಸ್ಲಡ್ಜ್ ಏನೇನು ಬಚ್ಚಿಟ್ಟುಕೊಳ್ಳುತ್ತದೆ ಅನ್ನುವುದಕ್ಕೆ ಬೆಳ್ಳಂದೂರು ದೊಡ್ಡ ಉದಾಹರಣೆ. ಸುಮಾರು 900 ಎಕರೆಯ ಆ ಕೆರೆಗೆ ಬಂದದ್ದು ಬಹುಪಾಲು ಮನೆಗಳ ಕೊಳಚೆ, ನಿಜ. ಆದರೆ ಅದು ದಶಕಗಳ ಕಾಲ ಇಡೀ ಊರಿನ ಗಸಿ ಕೂರಿಸುವ ಸೆಟ್ಲಿಂಗ್ ತೊಟ್ಟಿಯ ಹಾಗೆ ಕೆಲಸ ಮಾಡಿತು. 2015ರಿಂದ ನೊರೆ ರಸ್ತೆಗೆ ಹಾರಿದ್ದನ್ನು ದೇಶವೇ ನೋಡಿತು. ನೊರೆ ಮಳೆಗಾಲದಲ್ಲೇ ಯಾಕೆ ಜಾಸ್ತಿ? ಇದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿದರು. ಬಟ್ಟೆ ಸೋಪಿನ ನೊರೆಕಾರಕ ವಸ್ತು ಸ್ಲಡ್ಜ್‌ಗೆ ಅಂಟಿಕೊಂಡು ತಳಕ್ಕೆ ಸೇರಿರುತ್ತದೆ. ಜೋರು ಮಳೆ ಬಂದು ತಳ ಕಲಕಿದಾಗ ಅದು ಬಿಡಿಸಿಕೊಂಡು ಮೇಲೆ ಬರುತ್ತದೆ. ಅಂದರೆ ಆ ದಿನದ ನೊರೆಯಲ್ಲಿ ಆ ದಿನದ ಸೋಪು ಮಾತ್ರ ಇರಲಿಲ್ಲ, ಹಳೆಯ ಸೋಪೂ ಇತ್ತು. ಕಾರ್ಖಾನೆಯ ತೊಟ್ಟಿಯಲ್ಲಿ ಆಗುವುದೂ ಇದೇ. ಒಂದು ಜೋರು ಮಳೆ, ಅಥವಾ ಯಾರೋ ಒಮ್ಮೆಗೇ ಖಾಲಿ ಮಾಡಿದ, ಲೋಹ ಅದ್ದುವ ಆಸಿಡ್ ಬಾತ್, ವರ್ಷಗಳ ಹೊರೆಯನ್ನು ಒಂದೇ ದಿನ ಹೊರಗೆ ತಳ್ಳಬಹುದು.

ಹೊರಗೆ ತಳ್ಳಿದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತೇ ಇದೆ. ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ನೀರಾವರಿಗೆ ಅಂತ ಕಟ್ಟಿದ ಬೈರಮಂಗಲ ಈಗ ನಮ್ಮ ತೊಟ್ಟಿಗಳಲ್ಲಿ ಕೂರದ ಗಸಿಗೆ ಕೂರುವ ಜಾಗ. ಅಲ್ಲಿನ ರೈತರು ಆ ನೀರಿನಲ್ಲೇ ಬೇಸಾಯ ಮಾಡುತ್ತಿದ್ದಾರೆ.

ಮೊದಲು ಅಳೆಯಿರಿ, ಆಮೇಲೆ ತೆಗೆಯಿರಿ

ತೊಟ್ಟಿ ತುಂಬಿದೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಮಾಡುವ ತಪ್ಪು ಒಂದೇ. ನೀರು ಖಾಲಿ ಮಾಡಿ ಜೆಸಿಬಿ ಇಳಿಸುವುದು. ನೀರು ಖಾಲಿ ಮಾಡಿದಾಗ ಕಾರ್ಖಾನೆಯ ಕೊಳಚೆ ಎಲ್ಲಿಗೆ ಹೋಗಬೇಕು? ಇನ್ನು ಜೆಸಿಬಿ ಹಲ್ಲು ನೀರು ಸೋರದಂತೆ ತಳಕ್ಕೆ ಹಾಸಿದ ಎಚ್‌ಡಿಪಿಇ ಹಾಳೆಗೆ ತಗುಲಿ ಹರಿದರೆ, ಮುಂದೆ ಸೋರುವುದು ಯಾರಿಗೂ ಕಾಣುವುದಿಲ್ಲ. ಚಿಕ್ಕ ಕಾಂಕ್ರೀಟ್ ತೊಟ್ಟಿ, ಪಕ್ಕದಲ್ಲಿ ಇನ್ನೊಂದು ತೊಟ್ಟಿ ಇದ್ದರೆ ಈ ದಾರಿ ಸರಿ. ಇಲ್ಲದಿದ್ದರೆ ಬೇಡ.

ಶುರು ಮಾಡಬೇಕಾದದ್ದು ನಕ್ಷೆಯಿಂದ. ತೊಟ್ಟಿಯನ್ನು ಚೌಕಚೌಕವಾಗಿ ಭಾಗ ಮಾಡಿಕೊಂಡು ಪ್ರತಿ ಚೌಕದಲ್ಲೂ ಸ್ಲಡ್ಜ್ ಎಷ್ಟು ದಪ್ಪ ಇದೆ ಅಳೆಯಬೇಕು. ಇದಕ್ಕೆ ಸ್ಲಡ್ಜ್ ಜಡ್ಜ್ ಅನ್ನುವ ಪಾರದರ್ಶಕ ಕೊಳವೆ ಇದೆ. ತಳಕ್ಕೆ ಇಳಿಸಿ ಎತ್ತಿದರೆ ನೀರು ಎಲ್ಲಿ ಮುಗಿಯಿತು, ಸ್ಲಡ್ಜ್ ಎಲ್ಲಿ ಶುರುವಾಯಿತು ಕಣ್ಣಿಗೇ ಕಾಣುತ್ತದೆ. ದೊಡ್ಡ ಹೊಂಡಗಳಿಗೆ ಶಬ್ದದ ಅಲೆಯಿಂದ ಆಳ ಅಳೆಯುವ, ದೋಣಿಗೆ ಕಟ್ಟಿದ ಸೋನಾರ್ ಬಳಸುತ್ತಾರೆ. ಆದರೆ ಮೇಲಿನ ಪದರ ತೀರ ತೆಳು ಗಂಜಿಯ ಹಾಗಿದ್ದರೆ ಸೋನಾರ್ ಮೋಸ ಹೋಗಬಹುದು. ಹಾಗಾಗಿ ಕೊಳವೆಯ ಅಳತೆ ಜೊತೆಗೆ ಇರಲೇಬೇಕು.

ನೀರು ನಿಜಕ್ಕೂ ಎಷ್ಟು ಹೊತ್ತು ಒಳಗಿರುತ್ತದೆ ತಿಳಿಯಲು ಟ್ರೇಸರ್ ಪರೀಕ್ಷೆ ಇದೆ. ಒಳಬಾಯಲ್ಲಿ ಒಂದು ವಸ್ತು ಬೆರೆಸಿ, ಹೊರಬಾಯಲ್ಲಿ ಅದು ಯಾವಾಗ ಕಾಣಿಸಿಕೊಳ್ಳುತ್ತದೆ ನೋಡುವುದು. ಸಾಮಾನ್ಯವಾಗಿ ಉಪ್ಪು ಅಥವಾ ಬಣ್ಣ ಸಾಕು. ಬಣ್ಣ ಹಾಕುವ ಘಟಕಗಳಲ್ಲಿ ನೀರಿಗೆ ಮೊದಲೇ ಬಣ್ಣವೂ ಇದೆ, ಉಪ್ಪೂ ಇದೆ. ಅಲ್ಲಿ ಲಿಥಿಯಂ ಲವಣ ಬೇಕಾಗುತ್ತದೆ. ಮೂರು ದಿನ ಅಂದುಕೊಂಡದ್ದು ಆರು ಗಂಟೆ ಅಂತ ಗೊತ್ತಾದರೆ, ಸ್ಲಡ್ಜ್ ತೆಗೆಯುವುದರ ಜೊತೆಗೆ ನಡುವೆ ಅಡ್ಡಗೋಡೆಯನ್ನೋ ಪರದೆಯನ್ನೋ ಇಳಿಸಿ ನೀರನ್ನು ಸುತ್ತಿಸಿ ಕಳಿಸುವ ಕೆಲಸವೂ ಮಾಡಬೇಕು. ಎಷ್ಟೋ ಸಲ ಈ ಪರದೆಯೊಂದೇ ಅರ್ಧ ಸಮಸ್ಯೆ ಬಗೆಹರಿಸುತ್ತದೆ.

ಆಮೇಲೆ ಸ್ಲಡ್ಜ್ ಏನು ಅನ್ನುವ ಪ್ರಶ್ನೆ. ಇಲ್ಲಿ ಮತ್ತೆ ಆ 550 ಡಿಗ್ರಿಯ ಪರೀಕ್ಷೆ ಕೈ ಹಿಡಿಯುತ್ತದೆ. ಮಾರುಕಟ್ಟೆಯಲ್ಲಿ ಬ್ಯಾಕ್ಟೀರಿಯಾ ಪುಡಿ ಮಾರುವವರು ಬರುತ್ತಾರೆ. ‘ಇದನ್ನ ಹಾಕಿ ಸಾರ್, ಸ್ಲಡ್ಜ್ ತಾನೇ ಕರಗುತ್ತೆ’ ಅನ್ನುತ್ತಾರೆ. ಆಹಾರ ಕಾರ್ಖಾನೆಯ ತೊಟ್ಟಿಯಂತೆ ಬಹುಪಾಲು ಸಾವಯವ ಇದ್ದು, ಗಾಳಿ ಚೆನ್ನಾಗಿ ಸಿಕ್ಕರೆ, ಸ್ವಲ್ಪ ಮಟ್ಟಿಗೆ ಕರಗಬಹುದು. ಆದರೆ ಕಬ್ಬಿಣದ ಹೈಡ್ರಾಕ್ಸೈಡ್, ಜಿಪ್ಸಮ್, ಮರಳನ್ನು ಯಾವ ಬ್ಯಾಕ್ಟೀರಿಯಾ ತಿನ್ನುತ್ತದೆ? ಪುಡಿಗೆ ದುಡ್ಡು ಕೊಡುವ ಮುಂಚೆ ಬೂದಿ ಎಷ್ಟು ಉಳಿಯುತ್ತದೆ ನೋಡಿ. ಮುಕ್ಕಾಲು ಪಾಲು ಬೂದಿಯೇ ಇದ್ದರೆ ಪುಡಿಯ ಮಾತು ಅಲ್ಲಿಗೇ ಬಿಡಿ.

ತೆಗೆಯಲು ಒಳ್ಳೆಯ ದಾರಿ ಅಂದರೆ ತೇಲುವ ಡ್ರೆಡ್ಜರ್ ಅಥವಾ ಸ್ಲಡ್ಜ್ ಪಂಪು. ತೊಟ್ಟಿ ಕೆಲಸ ಮಾಡುತ್ತಲೇ ಇರುತ್ತದೆ, ತಳದ ಸ್ಲಡ್ಜ್ ಮಾತ್ರ ಪೈಪಿನಲ್ಲಿ ಮೇಲೆ ಬರುತ್ತದೆ. ಅದಕ್ಕೆ ಕಣಗಳನ್ನು ಗಂಟು ಕಟ್ಟಿಸುವ ಪಾಲಿಮರ್ ಬೆರೆಸಿ ನೀರು ಹಿಂಡಬೇಕು. ಪೀಣ್ಯದ ಬಹಳಷ್ಟು ಘಟಕಗಳಲ್ಲಿ ಫಿಲ್ಟರ್ ಪ್ರೆಸ್ ಈಗಾಗಲೇ ಇದೆ. ಆದರೆ ಅದು ದಿನದ ಸ್ಲಡ್ಜ್‌ಗೆ ಸಾಕಾಗುವಷ್ಟೇ, ವರ್ಷಗಳ ಬಾಕಿಗೆ ಸಾಲುವುದಿಲ್ಲ. ಬಾಕಿ ತೀರಿಸಲು ಜೋರಾಗಿ ತಿರುಗಿಸಿ ನೀರು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಬಾಡಿಗೆಗೆ ತರಬಹುದು. ಜಾಗ ಇದ್ದರೆ ಜಿಯೋಟ್ಯೂಬ್ ಹಾಸಬಹುದು. ಅದು ದೊಡ್ಡ ನೇಯ್ದ ಚೀಲ. ಒಳಗೆ ಸ್ಲಡ್ಜ್ ತುಂಬಿದರೆ ನೀರು ಬಟ್ಟೆಯ ಕಣ್ಣುಗಳಿಂದ ಸೋಸಿ ಹೊರಗೆ ಬರುತ್ತದೆ. ಮೊಸರು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುತ್ತಾರಲ್ಲ, ಹಾಗೆ.

ನಮ್ಮ ಉದಾಹರಣೆಯ ತೊಟ್ಟಿಗೆ ಮರಳೋಣ. ಒಂದೂವರೆ ಮೀಟರ್ ಸ್ಲಡ್ಜ್ ಅಂದರೆ 300 ಘನ ಮೀಟರ್, ತೂಕದಲ್ಲಿ ಸುಮಾರು 300 ಟನ್. ಶೇಕಡ 4 ಘನ ಇದೆ ಅಂದುಕೊಂಡರೆ ಒಣ ವಸ್ತು ಬರೀ 12 ಟನ್. ಪ್ರೆಸ್‌ನಲ್ಲಿ ಹಿಂಡಿ ಶೇಕಡ 30ಕ್ಕೆ ತಂದರೆ 40 ಟನ್ ಕೇಕ್ (ಹಿಂಡಿದ ಗಟ್ಟಿ ಸ್ಲಡ್ಜ್). ಹಿಂಡದೇ ಸಾಗಿಸಿದರೆ 10 ಟನ್ನಿನ ಲಾರಿ 30 ಸಲ, ಹಿಂಡಿದರೆ 4 ಸಲ. ಲಾರಿಗೂ ವಿಲೇವಾರಿಗೂ ಟನ್ ಲೆಕ್ಕದಲ್ಲಿ ದುಡ್ಡು ಕೊಡುವಾಗ, ನೀರನ್ನು ಹೊರಿಸಿ ಕಳಿಸಿದರೆ ನೀರಿಗೇ ದುಡ್ಡು ಕೊಟ್ಟ ಹಾಗೆ, ಅಲ್ವಾ?

ಹಿಂಡಿದ ನೀರು ವಾಪಸ್ ತೊಟ್ಟಿಗೇ ಬರಬೇಕು. ಇಲ್ಲಿ ಅವಸರ ಕೂಡದು. ಹಳೆಯ ಸ್ಲಡ್ಜ್‌ನಿಂದ ಬಂದ ನೀರಿನಲ್ಲಿ ಅಮೋನಿಯಾ ಮತ್ತು ಕರಗಿದ ಕೊಳೆ ಜಾಸ್ತಿ ಇರುತ್ತದೆ. ಒಂದೇ ವಾರದಲ್ಲಿ ಮುಗಿಸುತ್ತೇವೆ ಅಂತ ಪಂಪು ಓಡಿಸಿದರೆ ಏರೇಷನ್ ತೊಟ್ಟಿಯ ಬ್ಯಾಕ್ಟೀರಿಯಾ ಕುಸಿದುಬೀಳುತ್ತದೆ. ಡ್ರೆಡ್ಜರ್‌ನ ವೇಗ ಎಷ್ಟಿರಬೇಕು ಅನ್ನುವುದನ್ನು ಗುತ್ತಿಗೆದಾರರಲ್ಲ, ಪ್ಲಾಂಟ್ ನೋಡಿಕೊಳ್ಳುವವರು ಹೇಳಬೇಕು.

ಈ ಕೆಲಸಕ್ಕೆ ಬೆಂಗಳೂರಿನಲ್ಲಿ ಒಳ್ಳೆಯ ಕಾಲ ಡಿಸೆಂಬರ್ ಕೊನೆಯಿಂದ ಮಾರ್ಚ್ ತನಕ. ಏಪ್ರಿಲ್ ತಿಂಗಳಲ್ಲೇ ಸಿಡಿಲು ಮಳೆ ಶುರುವಾಗುತ್ತದೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಜೋರು. ಮೇಲ್ಛಾವಣಿ ಇಲ್ಲದ ಒಣಗಿಸುವ ಅಂಕಣದಲ್ಲಿ ಹರಡಿದ ಕೇಕ್ ಒಂದು ರಾತ್ರಿಯ ಮಳೆಗೆ ಮತ್ತೆ ಗಂಜಿಯಾಗಿ ಮೋರಿ ಸೇರುತ್ತದೆ.

ಇನ್ನೊಂದು ಮಾತು. ಇದನ್ನು ಬೇರೆಲ್ಲದಕ್ಕಿಂತ ಗಟ್ಟಿಯಾಗಿ ಹೇಳುತ್ತೇನೆ. ಯಾರನ್ನೂ ತೊಟ್ಟಿಯೊಳಗೆ ಇಳಿಸಬೇಡಿ. ಕೊಳೆತ ಸ್ಲಡ್ಜ್ ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಒಮ್ಮೆಗೇ ಹೊರಗೆ ಬರುತ್ತದೆ. ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಮೊದಲು ವಾಸನೆ ಬರುತ್ತದೆ. ಪ್ರಮಾಣ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ನೂರು ಭಾಗ) ಆಸುಪಾಸು ಮುಟ್ಟಿದ ಮೇಲೆ ಮೂಗು ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ‘ವಾಸನೆ ಹೋಯ್ತು, ಇಳೀಬಹುದು’ ಅಂದುಕೊಂಡ ಕ್ಷಣವೇ ಅಪಾಯದ ಕ್ಷಣ. ಒಬ್ಬರು ಬಿದ್ದರು ಅಂತ ಎತ್ತಲು ಇಳಿದ ಎರಡನೆಯವರು, ಮೂರನೆಯವರು ಸಾಯುತ್ತಾರೆ. ಇದೇ ಊರಿನ ಅಪಾರ್ಟ್‌ಮೆಂಟ್ ಎಸ್‌ಟಿಪಿಗಳಲ್ಲಿ (ಮನೆ ಕೊಳಚೆ ಶುದ್ಧ ಮಾಡುವ ಪ್ಲಾಂಟ್‌ಗಳಲ್ಲಿ) ಕೆಲಸಗಾರರು ಹೀಗೆ ಜೀವ ಕಳೆದುಕೊಂಡಿದ್ದಾರೆ. ಮನುಷ್ಯರು ಇಳಿಯದೆ ಮಾಡಲಾಗದ ಹೂಳೆತ್ತುವ ಕೆಲಸ ಇವತ್ತು ಯಾವುದೂ ಇಲ್ಲ. ಇಳಿಸಲೇಬೇಕು ಅನ್ನುವ ಗುತ್ತಿಗೆದಾರರಿಗೆ ಕೆಲಸ ಕೊಡಬೇಡಿ.

ಹೊರಗೆ ತಂದ ಮೇಲೆ

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಪಟ್ಟಿಯಲ್ಲಿ 35.3 ಅನ್ನುವ ಸಾಲಿದೆ. ಕೊಳಚೆ ನೀರು ಶುದ್ಧ ಮಾಡುವಾಗ ಬರುವ ರಾಸಾಯನಿಕ ಸ್ಲಡ್ಜ್ ಅಪಾಯಕಾರಿ ತ್ಯಾಜ್ಯ ಅಂತ ಅದು ಹೇಳುತ್ತದೆ. ಇಟಿಪಿ ಕೆಲಸದವರಿಗೆ ಈ ಸಂಖ್ಯೆ ಬಾಯಿಪಾಠ. ಇದನ್ನು ಅಧಿಕೃತ ಜಾಗಕ್ಕೇ ಕಳಿಸಬೇಕು, ಸಾಗಿಸುವಾಗ ಫಾರ್ಮ್ 10ರ ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ) ಜೊತೆಗಿರಬೇಕು, ಸಾಮಾನ್ಯವಾಗಿ ಕಾರ್ಖಾನೆಯಲ್ಲಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ.

ಬೆಂಗಳೂರಿನ ಘಟಕಗಳಿಗೆ ಹತ್ತಿರದ ದಾರಿ ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿರುವ ಅಪಾಯಕಾರಿ ತ್ಯಾಜ್ಯದ ಭರ್ತಿ ತಾಣ. ಅಲ್ಲಿಗೆ ಹೋಗುವ ಮುಂಚೆ ಟಿಸಿಎಲ್‌ಪಿ ಅನ್ನುವ ಪರೀಕ್ಷೆ ಇದೆ. ಸ್ಲಡ್ಜ್ ಅನ್ನು ಹುಳಿ ದ್ರಾವಣದಲ್ಲಿ ಅಲುಗಾಡಿಸಿ ಎಷ್ಟು ಲೋಹ ಕರಗಿ ಬರುತ್ತದೆ ನೋಡುತ್ತಾರೆ. ಕ್ರೋಮಿಯಂಗೆ ಮಿತಿ ಲೀಟರಿಗೆ 5 ಮಿಲಿಗ್ರಾಂ, ಕ್ಯಾಡ್ಮಿಯಂಗೆ 1. ಜಾಸ್ತಿ ಕರಗುವ ಸ್ಲಡ್ಜ್ ಅನ್ನು ಮೊದಲು ಸಿಮೆಂಟ್ ಥರದ ವಸ್ತು ಬೆರೆಸಿ ಕಟ್ಟಿಹಾಕಬೇಕು. ಬಣ್ಣದ ಘಟಕಗಳ ಸ್ಲಡ್ಜ್‌ನಲ್ಲಿ ಸಾವಯವ ಅಂಶ ಸಾಕಷ್ಟಿದ್ದರೆ ಸಿಮೆಂಟ್ ಗೂಡಿಗೆ ಕಳಿಸುವ ದಾರಿಯೂ ಇದೆ. 1400 ಡಿಗ್ರಿ ದಾಟಿದ ಬಿಸಿಯಲ್ಲಿ ಸಾವಯವ ಸುಟ್ಟು, ಖನಿಜವು ಸಿಮೆಂಟಿಗೆ ಅರೆಯುವ ಗಟ್ಟಿ ಉಂಡೆಗಳಾದ ಕ್ಲಿಂಕರ್ ಸೇರುತ್ತದೆ. ಆದರೆ ರಾಜ್ಯದ ದೊಡ್ಡ ಸಿಮೆಂಟ್ ಗೂಡುಗಳು ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಇವೆ. ಇಲ್ಲಿಂದ 500 ಕಿಲೋಮೀಟರ್‌ಗೂ ದೂರ. ಸಣ್ಣ ಘಟಕವೊಂದು ಎರಡು ಟನ್ ಕೇಕ್‌ಗೆ ಅಲ್ಲಿಗೆ ಲಾರಿ ಕಳಿಸಲಾಗುವುದಿಲ್ಲ. ಹತ್ತು ಘಟಕಗಳ ಒಂದೇ ಥರದ ಕೇಕ್ ಒಟ್ಟು ಸೇರಿಸಿದರೆ ಆಗಬಹುದು. ಈ ಒಟ್ಟು ಸೇರಿಸುವ ವ್ಯವಸ್ಥೆ ಆಗಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಬಾಡಿಗೆ ಸೆಂಟ್ರಿಫ್ಯೂಜ್, ಹಂಚಿಕೊಂಡ ಲಾರಿ, ಒಂದೇ ಪ್ರಯೋಗಾಲಯದ ಪರೀಕ್ಷೆ ಇದ್ದರೆ ಸಣ್ಣವರ ಖರ್ಚು ಕೈಗೆಟುಕುತ್ತದೆ.

ಈಗ 90 ದಿನದ ನಿಯಮಕ್ಕೆ ವಾಪಸ್ ಬರೋಣ. ಶೆಡ್‌ನಲ್ಲಿ ಚೀಲಕ್ಕೆ ತುಂಬಿಟ್ಟ ಸ್ಲಡ್ಜ್‌ಗೆ ದಿನಾಂಕ ಇದೆ. ಅಧಿಕಾರಿಗಳು ಬಂದು ಚೀಲ ಎಣಿಸಬಹುದು. ತೊಟ್ಟಿಯ ತಳದಲ್ಲಿರುವ ಸ್ಲಡ್ಜ್‌ಗೆ ದಿನಾಂಕ ಇಲ್ಲ, ಚೀಲ ಇಲ್ಲ, ಮೇಲೆ ನೀರು ಮುಚ್ಚಿದೆ. ಹಾಗಾಗಿ ದುಡ್ಡು ಉಳಿಸಬೇಕಾದವರಿಗೆ ತೊಟ್ಟಿಯೇ ಗೋದಾಮು. ತಪಾಸಣೆ ನಡೆಯುವುದು ಮುಖ್ಯವಾಗಿ ಹೊರಬಾಯಲ್ಲಿ. ನೀರಿನ ಕೊಳೆಯ ಅಳತೆಗಳಾದ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ಒಳಗಿದೆಯಾ, ಸಿಒಡಿ 250 ಒಳಗಿದೆಯಾ, ಪಿಹೆಚ್ 5.5ರಿಂದ 9ರ ನಡುವೆ ಇದೆಯಾ. ಒಂದು ಬಾಟಲಿ ಮಾದರಿ ಆ ಗಳಿಗೆಯ ನೀರಿನ ಕತೆ ಹೇಳುತ್ತದೆ. ವರ್ಷದ ಕತೆ ತಳದಲ್ಲಿದೆ.

ಅದನ್ನು ಓದಲು ಹೊಸ ಯಂತ್ರ ಬೇಡ, ಒಂದು ಲೆಕ್ಕ ಸಾಕು. ಕಾರ್ಖಾನೆ ವರ್ಷಕ್ಕೆ ಎಷ್ಟು ಫೆರಸ್ ಸಲ್ಫೇಟ್, ಎಷ್ಟು ಸುಣ್ಣ, ಎಷ್ಟು ಕ್ರೋಮಿಕ್ ಆಸಿಡ್ ಕೊಂಡಿತು ಅನ್ನುವುದು ಬಿಲ್‌ನಲ್ಲಿದೆ. ಅಷ್ಟು ಕೆಮಿಕಲ್‌ನಿಂದ ಕನಿಷ್ಠ ಎಷ್ಟು ಒಣ ಸ್ಲಡ್ಜ್ ಬರಬೇಕು ಅನ್ನುವುದನ್ನು ರಸಾಯನಶಾಸ್ತ್ರ ಹೇಳುತ್ತದೆ, ಮೇಲೆ ನಾವೇ ಲೆಕ್ಕ ಹಾಕಿದ ಹಾಗೆ. ಎಷ್ಟು ಹೊರಗೆ ಹೋಯಿತು ಅನ್ನುವುದು ಮ್ಯಾನಿಫೆಸ್ಟ್‌ನಲ್ಲಿದೆ. 20 ಟನ್ ಬರಬೇಕಾದ ಕಡೆ 5 ಟನ್ ಹೋಗಿದ್ದರೆ, ಉಳಿದ 15 ಟನ್ ತೊಟ್ಟಿಯಲ್ಲಿದೆ, ಇಲ್ಲವೇ ವೃಷಭಾವತಿಯಲ್ಲೋ ಯಾವುದೋ ಖಾಲಿ ಸೈಟಿನಲ್ಲೋ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ನವೀಕರಿಸುವಾಗ ಈ ಲೆಕ್ಕವನ್ನೂ ತೊಟ್ಟಿಯ ಸ್ಲಡ್ಜ್ ನಕ್ಷೆಯನ್ನೂ ಕೇಳಬೇಕು. ಕೇಳಿದ ವರ್ಷವೇ ತೊಟ್ಟಿಗಳು ಖಾಲಿಯಾಗಲು ಶುರುವಾಗುತ್ತವೆ ಅಂತ ನಾನು ನಂಬಿದ್ದೇನೆ. ಯಾಕೆಂದರೆ ಆಗ ತೊಟ್ಟಿಯಲ್ಲಿ ಬಚ್ಚಿಡುವುದರಿಂದ ಯಾವ ಉಳಿತಾಯವೂ ಉಳಿಯುವುದಿಲ್ಲ.

ಆ ಬಣ್ಣದ ಘಟಕದವರು ಹೊಸ ತೊಟ್ಟಿಯ ಕೊಟೇಷನ್ ಪಕ್ಕಕ್ಕಿಟ್ಟು ಮೊದಲು ಹಳೆಯದರ ಸ್ಲಡ್ಜ್ ತೆಗೆಸಲು ಒಪ್ಪಿದರು. ಒಂದೇ ಬೇಸಿಗೆಯಲ್ಲಿ ಮುಗಿಯಲಿಲ್ಲ, ಎರಡು ಬೇಸಿಗೆ ಹಿಡಿಯಿತು. ಬಿದಿರು ಗಳ ಈಗಲೂ ಅದೇ ಗೋಡೆಗೆ ಒರಗಿದೆ. ಆಪರೇಟರ್ ಅದಕ್ಕೆ ಕೆಂಪು ಬಣ್ಣದಲ್ಲಿ ಅರ್ಧರ್ಧ ಅಡಿಗೆ ಗೆರೆ ಎಳೆದಿದ್ದಾರೆ. ಪ್ರತಿ ತಿಂಗಳ ಮೊದಲ ಸೋಮವಾರ ಐದು ಕಡೆ ಇಳಿಸಿ ನೋಡಿ, ಪಿಹೆಚ್ ಬರೆಯುವ ಪುಸ್ತಕದಲ್ಲೇ ಇನ್ನೊಂದು ಕಾಲಂ ಮಾಡಿ ಬರೆದಿಡುತ್ತಾರೆ. ಗಸಿ ಎರಡನೇ ಗೆರೆ ಮುಟ್ಟಿದರೆ ಪಂಪು ಶುರು.